ನಮ್ಮ ಟಿವಿ ಸರಿ ಉಂಟು ಮಾರಾಯ್ರೆ

ಟಿವಿಯಲ್ಲಿ ಏನೂ ಕಾಣುದಿಲ್ಲ ಅಂತ ನಾವು ಹೇಳಿದ ಕೂಡ್ಲೆ ಮಕ್ಕಳಿಂದ ಎರಡು ಉತ್ತರ ಬರ್ತದೆ. ಒಂದು, ಅಮ್ಮ ನಿನ್ನ ಕಣ್ಣು ಚೆಕ್ ಮಾಡಿಸು. ಇನ್ನೊಂದು, ಹೊಸ ಟಿವಿ ತೆಗೊಳ್ಳುವ. ಕಣ್ಣು ಮಾಡಿಸಿ, ಬೇಡ ಅನ್ನುದಿಲ್ಲ. ಆದರೆ ಅದೇ ಟಿವಿಯಲ್ಲಿ ವಾರ್ತೆ, ಕ್ರಿಕೆಟ್, ಯಕ್ಷಗಾನ ಎಲ್ಲ ಚಂದ ಕಂಡು, ಒಂದು ಸೀರಿಯಲ್ ಮಾತ್ರ ಕಾಣದಿದ್ದರೆ ತಪ್ಪು ಯಾರದ್ದು?

ನಾನು ಹೇಳುದು 'ಸೈಲೋ' ಬಗ್ಗೆ. ಹೊರಗಿನ ಗಾಳಿ ವಿಷ ಅಂತ ಹತ್ತು ಸಾವಿರ ಜನ ನೆಲದಡಿ 144 ಮಾಳಿಗೆಯೊಳಗೆ ಬದುಕುವ ಕತೆ. 2023ರ ಮೇಯಲ್ಲಿ ಶುರುವಾದದ್ದು. ಕತೆ ಒಳ್ಳೆದುಂಟು, ಅದಕ್ಕೇ ನನಗೆ ಸಿಟ್ಟು. ಕೆಟ್ಟದ್ದಾಗಿದ್ರೆ ಬಂದ್ ಮಾಡಿ ಮೀನು ಕ್ಲೀನ್ ಮಾಡ್ಲಿಕ್ಕೆ ಹೋಗ್ತಿದ್ದೆ. ನಾಯಕಿ ಜೂಲಿಯೆಟ್ ಕೈಗೆ ಗ್ರೀಸ್ ಹತ್ತಿಸಿಕೊಂಡು ಜನರೇಟರ್ ರಿಪೇರಿ ಮಾಡುವವಳು. ಅಂಥ ಹೆಂಗಸನ್ನು ನಮ್ಮ ಸೀರಿಯಲ್‌ಗಳಲ್ಲಿ ತೋರಿಸಿ ನೋಡುವ! 2024ರ ನವೆಂಬರಿನಲ್ಲಿ ಬಂದ ಎರಡನೇ ಸೀಸನಿನಲ್ಲಿ ಅವಳು ಹಾಳುಬಿದ್ದ ಇನ್ನೊಂದು ಸೈಲೋಗೆ ಇಳೀತಾಳೆ. ಅಲ್ಲಿಗೆ ಮುಗೀತು. ಕಪ್ಪು ಪರದೆ, ಏದುಸಿರಿನ ಶಬ್ದ, ನೀರಿನ ಶಬ್ದ. ಅಮೆರಿಕದ ಪ್ರೇಕ್ಷಕರೂ ಬೈದಿದ್ದಾರೆ, ಕೊಟ್ಟಾರದ ನಾವು ಮಾತ್ರ ಅಲ್ಲ.

ನೆಲದಡಿ ಕತ್ತಲೆ ಇರುದೇ ಅಲ್ವಾ ಅಂತ ಕೆಲವರ ವಾದ. ಕರೆಂಟಿಲ್ಲದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಇಡೀ ರಾತ್ರಿ ಆಟ ನೋಡಿದ್ದು ದೊಂದಿ ಬೆಳಕಿನಲ್ಲಿ. ಬಣ್ಣದ ವೇಷದ ಮುಖಕ್ಕೆ ಬಿಳಿ ಚುಟ್ಟಿ ಇಟ್ಟು, ಕೆಂಪು ಕಪ್ಪು ಬಳಿದು, ರಾಕ್ಷಸ ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಭಗ್ಗ ಅನ್ನಿಸ್ತಿದ್ರು. ಗದ್ದೆಯ ಆಚೆ ಕೂತವರಿಗೂ ಹೆದರಿಕೆ ಆಗ್ತಿತ್ತು, ಯಾಕಂದ್ರೆ ಕಾಣ್ತಿತ್ತು. 1998ರಲ್ಲಿ ದೂರದರ್ಶನದ 'ಕ್ಯಾಪ್ಟನ್ ವ್ಯೋಮ್' ನೆನಪುಂಟಾ? ಸೆಟ್ಟು ರಟ್ಟಿನದ್ದು ಅಂತ ಗೊತ್ತಾಗ್ತಿತ್ತು. ಗೊತ್ತಾಗ್ಲಿಕ್ಕಾದರೂ ಬೆಳಕಿತ್ತು.

2019ರ ಏಪ್ರಿಲಿನಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ರಾತ್ರಿ ಯುದ್ಧದ ಕಂತು ಕಾಣಲಿಲ್ಲ ಅಂತ ಲೋಕವೇ ಬೊಬ್ಬೆ ಹಾಕಿತು. ಅದರ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಕೊಟ್ಟ ಉತ್ತರ ಏನು? ಜನರಿಗೆ ಟಿವಿ ಸರಿ ಸೆಟ್ ಮಾಡ್ಲಿಕ್ಕೆ ಬರುದಿಲ್ಲ ಅಂತ. ಹೌದಪ್ಪ! ಇವರು ಕತ್ತಲೆ ಕೋಣೆಯಲ್ಲಿ, ನಮ್ಮ ಮನೆಯ ಟಿವಿಗಿಂತ ಎಷ್ಟೋ ಪಾಲು ಹೆಚ್ಚು ಬೆಳಕು ಕೊಡುವ ದುಬಾರಿ ಪರದೆಯಲ್ಲಿ ನೋಡಿ "ಚಂದ ಉಂಟು" ಅಂತ ಒಪ್ಪಿಬಿಡ್ತಾರೆ. ಮತ್ತೆ ಅದು ಇಂಟರ್ನೆಟ್ಟಿನಲ್ಲಿ ಬರ್ಲಿಕ್ಕೆ ಹಿಂಡಿ ಸಣ್ಣದು ಮಾಡ್ತಾರೆ. ಆಗ ಕಪ್ಪಿನೊಳಗಿನ ಸೂಕ್ಷ್ಮವೆಲ್ಲ ಹೋಗಿ ಚೌಕ ಚೌಕ ಕಲೆ ಉಳೀತದೆ. ಮೊದಲು ಫಿಲ್ಮಿಗೆ ಬೆಳಕು ಸುರೀಬೇಕಿತ್ತು. ಈಗಿನ ಕ್ಯಾಮರಾ ಒಂದು ದೀಪದಲ್ಲೂ ಹಿಡೀತದೆ. ಹಿಡೀತದೆ ಅಂತ ಹಿಡಿಯುದು, ಅಷ್ಟೆ.

ನಾವು ನೋಡುದು ಯಾವಾಗ? ಅಡಿಗೆ ಮುಗಿಸಿ, ಹಗಲು, ಬಾಗಿಲು ಕಿಟಕಿ ತೆರೆದು. ಬಾಗಿಲು ಮುಚ್ಚಿದ್ರೆ ಈ ಸೆಕೆಗೆ ಬೇಯ್ತೇವೆ. ಅರುವತ್ತು ದಾಟಿದ ಕಣ್ಣಿನೊಳಗೆ ಇಪ್ಪತ್ತರ ಕಣ್ಣಿಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಹೋಗುದಂತೆ, ಪೊರೆ ಬಾರದಿದ್ರೂ. ಮೇಲೆ ಆ ಇಂಗ್ಲಿಷು. ಅದು ಪೂರ್ತಿ ಅರ್ಥ ಆಗದವರು ಮುಖ ನೋಡಿಯೇ ಕತೆ ಹಿಡಿಯುದು. ಮುಖವನ್ನೇ ಅಡಗಿಸಿದ್ರೆ ನಮಗೆ ಉಳಿಯುದೆಂತ?

ಸದ್ಯಕ್ಕೆ ಟಿವಿ ಸೆಟ್ಟಿಂಗಿನಲ್ಲಿ ಎನರ್ಜಿ ಸೇವಿಂಗ್ ಆಫ್ ಮಾಡಿ ನೋಡಿ, ಸ್ವಲ್ಪ ಸುಧಾರಿಸ್ತದೆ. ಬ್ರೈಟ್‌ನೆಸ್ ಏರಿಸಿದ್ರೆ ಕಪ್ಪೆಲ್ಲ ಬೂದಿ ಬೂದಿ ಆಗುದು, ಪ್ರಯೋಜನ ಇಲ್ಲ. ಹೊಸ ಟಿವಿಗೆ ಮಾತ್ರ ಈಗಲೇ ಹಣ ಹಾಕ್ಬೇಡಿ.

ಇನ್ನೂ ಎರಡು ಸೀಸನ್ ಮಾಡ್ತೇವೆ ಅಂತ ಹೇಳಿದ್ದಾರೆ. ನಾನು ನೋಡುದು ಹಗಲು ಹನ್ನೊಂದಕ್ಕೇ, ಕಿಟಕಿ ತೆರೆದು, ಅಲಸಂಡೆ ಮುರೀತಾ. ಜೂಲಿಯೆಟಿನ ಮುಖ ಕಾಣದಿದ್ರೆ ಆ ತಿಂಗಳ ದುಡ್ಡು ಕಟ್ಟುದಿಲ್ಲ.