ಆ ಪಟ್ಟಿ ಕಂಡಾಗಲೇ ಕೆಲಸ ನಿಲ್ಲಿಸಬೇಕಿತ್ತು

ಸಿವಿಲ್ ಡಿಪ್ಲೊಮಾ ಮುಗಿಸಿ ಎರಡು ತಿಂಗಳಾಗಿತ್ತು. ಊರು ಕಾರ್ಕಳ, ಕೆಲಸ ಮಣಿಪಾಲದಲ್ಲಿ. ಗುತ್ತಿಗೆದಾರರೊಬ್ಬರ ಕೈಕೆಳಗೆ ಸೈಟ್ ಸೂಪರ್‌ವೈಸರ್. ‘ಮಗ ಇಂಜಿನಿಯರ್ ಆದ’ ಎಂದು ಅಮ್ಮ ನೆರೆಕರೆಗೆಲ್ಲ ಹೇಳಿಕೊಂಡು ಬಂದಿದ್ದರು. ನನ್ನ ಕೈಗೆ ಕೊಟ್ಟದ್ದು ಒಂದು ಹೆಲ್ಮೆಟ್, ಒಂದು ಅಳತೆ ಟೇಪು, ಒಂದು ಹಾಜರಿ ಪುಸ್ತಕ. ತರಬೇತಿ ಅಂತ ಸಿಕ್ಕಿದ್ದು ಒಂದೇ ಮಾತು: ‘ಪತ್ತನಾಜೆಯೊಳಗೆ ಪೈಪ್ ಹಾಕಿ ಮುಗಿಸಬೇಕು ಮಾರಾಯ, ಮಳೆ ಹಿಡಿದರೆ ಬಿಲ್ಲೂ ಇಲ್ಲ, ಎಂತದ್ದೂ ಇಲ್ಲ.’

ಒಂದು ದಿನ ರಸ್ತೆ ಬದಿಯಲ್ಲಿ ನೀರಿನ ಪೈಪಿಗಾಗಿ ಕಣಿ ತೋಡಿಸುತ್ತಿದ್ದೆ. ಜೆಸಿಬಿಯ ಬಕೆಟ್‌ನಲ್ಲಿ ಮಣ್ಣಿನ ಜೊತೆ ಬಣ್ಣ ಮಾಸಿದ ಒಂದು ಪ್ಲಾಸ್ಟಿಕ್ ಪಟ್ಟಿ ಬಂತು. ಕಣಿಯೊಳಗೆ ಮಣ್ಣು ಎಳೆಯುತ್ತಿದ್ದ ಕೊಪ್ಪಳ ಕಡೆಯ ಹುಡುಗ ಅದನ್ನು ಎತ್ತಿ ತೋರಿಸಿ, ‘ಸರ್, ಇದೇನೋ ಪಟ್ಟಿ ಬಂತ್ರೀ’ ಅಂದ. ‘ಕಸ, ಬಿಸಾಡು’ ಅಂದೆ. ಅವನು ಬಿಸಾಡಿ, ನೀರು ಕುಡಿಯಲು ಮೇಲೆ ಹತ್ತಿ ಬಂದ. ಬಕೆಟ್ ಮತ್ತೊಮ್ಮೆ ಇಳಿಯಿತು. ಕಣ್ಣು ಕತ್ತಲೆ ಬರುವಷ್ಟು ಬೆಳಕು, ಸಿಡಿಲಿನಂಥ ಸದ್ದು. ತುಂಡಾದದ್ದು ವಿದ್ಯುತ್ ಕೇಬಲ್.

ಯಾರಿಗೂ ಏನೂ ಆಗಲಿಲ್ಲ. ಸಂಜೆಯವರೆಗೆ ಆ ರಸ್ತೆಗೆ ಕರೆಂಟ್ ಇರಲಿಲ್ಲ, ಅಷ್ಟೆ. ಮರುದಿನ ರಿಪೇರಿ ಖರ್ಚಿನ ಮಾತು ಬಂತು. ನನ್ನನ್ನು ಬೈದದ್ದೂ ಆಯಿತು. ಆದರೆ ಆ ಪಟ್ಟಿ ಏನೆಂದು ನಿನಗೆ ಯಾರಾದರೂ ಹೇಳಿಕೊಟ್ಟಿದ್ದರಾ ಎಂದು ಒಬ್ಬರೂ ಕೇಳಲಿಲ್ಲ. ಅದು ಕಸವಲ್ಲ, ‘ಕೆಳಗೆ ಕೇಬಲ್ ಇದೆ, ನಿಲ್ಲಿ’ ಎಂದು ಹೇಳುವುದಕ್ಕೆಂದೇ ಹೂತಿಟ್ಟ ಎಚ್ಚರಿಕೆ ಪಟ್ಟಿ ಎಂದು ನನಗೆ ಗೊತ್ತಾದದ್ದು ಆಮೇಲೆ.

ತಪ್ಪು ನನ್ನದೇ. ಅದನ್ನು ಒಪ್ಪಿಕೊಂಡೇ ಎರಡು ಮಾತು ಹೇಳುತ್ತೇನೆ. ತರಬೇತಿ ಇಲ್ಲದವನನ್ನು ಅಗೆತದ ಕೆಲಸಕ್ಕೆ ಸೂಪರ್‌ವೈಸರ್ ಎಂದು ನಿಲ್ಲಿಸಬಾರದು. ತರಬೇತಿ ಪಡೆದವನಿಗೆ ಕೆಲಸ ನಿಲ್ಲಿಸುವ ಅಧಿಕಾರ ಕೊಡದೆ ಇರಬಾರದು.

ನಮ್ಮ ಜಿಲ್ಲೆಯ ನೆಲ ಈಗ ಬರೀ ಮಣ್ಣಲ್ಲ. ಬಜೆಯಿಂದ ಉಡುಪಿಗೆ ಬರುವ ಸ್ವರ್ಣಾ ನದಿಯ ನೀರು, ಒಳಚರಂಡಿ, ಇಂಟರ್‌ನೆಟ್ ಕೇಬಲ್, ವಿದ್ಯುತ್, ಈಗ ಮನೆಮನೆಗೆ ಬರುತ್ತಿರುವ ಅಡುಗೆ ಅನಿಲದ ಪೈಪು, ಎಲ್ಲಕ್ಕೂ ಅದೇ ರಸ್ತೆಯ ಬದಿಯೇ ಜಾಗ. ಕಾಪು ತಾಲೂಕಿನ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಭೂಗತ ಸಂಗ್ರಹಾಗಾರವೇ ಇದೆ. ಅದಕ್ಕೆ ತೈಲ ಹೋಗುವುದೂ ಕೊಳವೆಯಲ್ಲೇ.

ನೆಲವೂ ಎಲ್ಲ ಕಡೆ ಒಂದೇ ತರಹ ಅಲ್ಲ. ಕಾಪುವಿನ ಕಡಲ ಬದಿಯಲ್ಲಿ ಹೊಯಿಗೆ, ಕಣಿಯ ಬದಿ ಯಾವಾಗ ಕುಸಿಯುತ್ತದೆ ಹೇಳಲಾಗದು. ಮಣಿಪಾಲದ ಗುಡ್ಡದಲ್ಲಿ ಮುರಕಲ್ಲು. ಬಕೆಟ್ ತಾಗಿದ್ದು ಕಲ್ಲಿಗೋ ಪೈಪಿಗೋ ಆಪರೇಟರಿಗೆ ಗೊತ್ತಾಗುವುದಿಲ್ಲ. ನಮ್ಮ ಕಾರ್ಕಳದಲ್ಲಿ ಬಂಡೆ ಸಿಕ್ಕಿದರೆ ಬ್ರೇಕರ್ ಬರುತ್ತದೆ, ಅದರ ಹೊಡೆತಕ್ಕೆ ಪಕ್ಕದ ಪೈಪಿನ ಜಾಯಿಂಟೂ ಸಡಿಲವಾಗಬಹುದು. ನಾನು ಓದಿದ ಕಾಲೇಜಿನಲ್ಲಿ ಕಾಂಕ್ರೀಟಿನ ಅನುಪಾತ ಬಾಯಿಪಾಠ ಮಾಡಿಸಿದ್ದರು. ಇದನ್ನು ಯಾರೂ ಹೇಳಿರಲಿಲ್ಲ.

ಹಾಗೆಂದು ಕಲಿಯಬೇಕಾದದ್ದು ಬೆಟ್ಟದಷ್ಟಿಲ್ಲ. ಅಗೆಯುವ ಮೊದಲು ಕೇಳಬೇಕು. ಅದಕ್ಕೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಎಲ್ಲಿ ಅಗೆಯುತ್ತೇವೆಂದು ಅದರಲ್ಲಿ ಹಾಕಿದರೆ, ಅಲ್ಲಿ ಕೇಬಲ್, ಪೈಪು ಹೂತವರಿಗೆ ಸಂದೇಶ ಹೋಗುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಆಪ್ಟಿಕಲ್ ಫೈಬರ್ ತುಂಡಾಗುತ್ತದೆ, ನಷ್ಟ ಸುಮಾರು 3,000 ಕೋಟಿ ರೂಪಾಯಿ ಎಂದು ಸರ್ಕಾರವೇ ಆಗ ಹೇಳಿತ್ತು.

ಆದರೆ ನಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಹಾಕಿದ ಮೇಲೆ ರಸ್ತೆ ಅಗಲವಾಗಿರುತ್ತದೆ, ಮಣ್ಣು ಏರಿರುತ್ತದೆ, ಕೇಬಲ್ ಗೆರೆ ಎಳೆದಂತೆ ನೇರ ಇರುವುದಿಲ್ಲ. ಲೋಕೇಟರ್ ಯಂತ್ರ ಲೋಹದ ಪೈಪು, ಕೇಬಲ್ ಹುಡುಕಿಕೊಡುತ್ತದೆ, ಪ್ಲಾಸ್ಟಿಕ್ ಪೈಪನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ಅಲ್ಲಲ್ಲಿ ಕೈಯಿಂದ ಸಣ್ಣ ಗುಂಡಿ ತೋಡಿ ಕಣ್ಣಾರೆ ನೋಡಬೇಕು. ಸಿಕ್ಕಿದ ಮೇಲೆ ಅದರ ಹತ್ತಿರ ಯಂತ್ರ ಹೋಗಬಾರದು. ಸಿಕ್ಕಿದ ಕೇಬಲಿನಲ್ಲಿ ಕರೆಂಟ್ ಇಲ್ಲವೆಂದು ಸಂಬಂಧಪಟ್ಟವರು ಹೇಳುವವರೆಗೆ ಇದೆ ಎಂದೇ ತಿಳಿಯಬೇಕು. ಒಂದೂವರೆ ಮೀಟರಿಗಿಂತ ಆಳದ ಕಣಿಯ ಬದಿಗೆ ಆಧಾರ ಕೊಡಬೇಕೆಂದು ಭಾರತೀಯ ಮಾನಕ ಐಎಸ್ 3764 ಹೇಳುತ್ತದೆ. ಅದೂ ನನಗೆ ಗೊತ್ತಿರಲಿಲ್ಲ.

ಏನಾದರೂ ಆಗಿಹೋದರೆ? ಗ್ಯಾಸ್ ವಾಸನೆ ಬಂದರೆ ಯಂತ್ರ ಆಫ್ ಮಾಡಿ, ಬೀಡಿ ಬೆಂಕಿ ಬೇಡ, ಅಲ್ಲೇ ನಿಂತು ಫೋನೂ ಬೇಡ. ಎಲ್ಲರನ್ನೂ ಗಾಳಿ ಬರುವ ದಿಕ್ಕಿಗೆ ದೂರ ಕಳಿಸಿ, ಆಮೇಲೆ ಕಂಪನಿಗೆ ಮತ್ತು 112ಕ್ಕೆ ಕರೆ ಮಾಡಬೇಕು. ತೂತು ಮುಚ್ಚಲು ಹೋಗಲೇಬಾರದು. ಕೇಬಲಿಗೆ ತಾಗಿದರೆ ಆಪರೇಟರ್ ಕ್ಯಾಬಿನ್ನಿನಲ್ಲೇ ಕೂತಿರಬೇಕು, ಉಳಿದವರು ಹತ್ತಿರ ಸುಳಿಯಬಾರದು, 1912ಕ್ಕೆ ತಿಳಿಸಬೇಕು. ನಮ್ಮಲ್ಲಿ ಅಂದು ಆದದ್ದು ಪೂರ್ತಿ ಉಲ್ಟಾ. ನಾನೇ ಜೆಸಿಬಿಯ ಕಡೆಗೆ ಓಡಿದ್ದೆ.

ಇನ್ನೂ ಒಂದಿದೆ. ಸಣ್ಣ ಗೀರನ್ನೂ ಮುಚ್ಚಿಡಬಾರದು. 2004ರ ಜುಲೈ 30ರಂದು ಬೆಲ್ಜಿಯಂನ ಗಿಲೆಂಗಿಯೆನ್ ಎಂಬಲ್ಲಿ ಗ್ಯಾಸ್ ಕೊಳವೆ ಸಿಡಿದು 24 ಜನ ಸತ್ತರು. ಅದಕ್ಕಿಂತ ಮೊದಲು ನಡೆದ ಕಾಮಗಾರಿಯಲ್ಲಿ ಯಂತ್ರ ತಾಗಿ ಕೊಳವೆಗೆ ಪೆಟ್ಟಾಗಿತ್ತು. ಪೆಟ್ಟು ಬಿದ್ದ ದಿನ ಏನೂ ಆಗಿರಲಿಲ್ಲ. ‘ಏನೂ ಆಗಲಿಲ್ಲವಲ್ಲ, ಮಣ್ಣು ಮುಚ್ಚಿ’ ಎನ್ನುವ ಮಾತನ್ನು ನಾನು ನಮ್ಮ ಸೈಟುಗಳಲ್ಲೂ ಕೇಳಿದ್ದೇನೆ.

ಗುತ್ತಿಗೆದಾರರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಮಳೆಗಾಲ ಕಾಯುವುದಿಲ್ಲ. ಕಡಿಮೆ ದರ ಹಾಕಿದವರಿಗೇ ಕೆಲಸ. ಆದರೆ ಆ ಅವಸರದ ಖರ್ಚು ಉಳಿಯುವುದಿಲ್ಲ, ಬೇರೆಯವರ ತಲೆಗೆ ಹೋಗುತ್ತದೆ, ಅಷ್ಟೆ. ಮೊದಲು ಹೋಗುವುದು ಕಣಿಯೊಳಗೆ ನಿಂತವನ ತಲೆಗೆ. ಆದ್ದರಿಂದ ಪರೀಕ್ಷಾ ಗುಂಡಿ, ಲೋಕೇಟರ್, ತರಬೇತಿಯ ಖರ್ಚು ಟೆಂಡರಿನಲ್ಲೇ ಬೇರೆ ಸಾಲಾಗಿ ಬರಬೇಕು. ಆಗ ದರ ಇಳಿಸಲು ಯಾರೂ ಅದನ್ನು ಕತ್ತರಿಸುವ ಹಾಗಿಲ್ಲ.

ಅಮೆರಿಕದ ಅಗೆತದ ನಿಯಮದಲ್ಲಿ ‘ಕಾಂಪಿಟೆಂಟ್ ಪರ್ಸನ್’ ಎಂಬ ಮಾತಿದೆ. ಅಪಾಯ ಗುರುತಿಸಬಲ್ಲವನು ಎಂದಷ್ಟೇ ಅದರ ಅರ್ಥವಲ್ಲ, ಕೂಡಲೇ ಅದನ್ನು ಸರಿಪಡಿಸುವ ಅಧಿಕಾರ ಇರುವವನು ಎಂದೂ ಸೇರಿದೆ. ನಮಗೆ ಬೇಕಾದದ್ದು ಈ ಎರಡನೆಯ ಅರ್ಧ. ಅಂದು ಆ ಪಟ್ಟಿಯ ಅರ್ಥ ಗೊತ್ತಿದ್ದರೂ ‘ನಿಲ್ಲಿಸಿ’ ಎನ್ನುವ ಧೈರ್ಯ ನನಗೆ ಇರುತ್ತಿತ್ತೇ? ಎರಡು ತಿಂಗಳ ಹುಡುಗ, ಗಂಟೆಗೆ ಬಾಡಿಗೆ ಓಡುವ ಯಂತ್ರ. ನಿಜ ಹೇಳಬೇಕೆಂದರೆ, ಇರುತ್ತಿರಲಿಲ್ಲ.

ಪಾಲಿಟೆಕ್ನಿಕ್, ಐಟಿಐಗಳು ಕೊನೆಯ ಸೆಮಿಸ್ಟರಿನಲ್ಲಿ ಎರಡು ದಿನ ಇದಕ್ಕೆ ಕೊಡಲಿ. ಒಂದು ದಿನ ತರಗತಿ, ಒಂದು ದಿನ ಮೈದಾನದಲ್ಲಿ ಹೂತಿಟ್ಟ ಪೈಪು ಹುಡುಕುವ ಅಭ್ಯಾಸ. ಪಾಠಕ್ಕೆ ಆಪರೇಟರುಗಳನ್ನೂ ಹೆಲ್ಪರುಗಳನ್ನೂ ಕರೆಯಲಿ. ಪಟ್ಟಿಯನ್ನು ಮೊದಲು ಕಂಡದ್ದು ನಾನಲ್ಲ, ಆ ಹುಡುಗ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಸಂದರ್ಶನದಲ್ಲಿ ಸಂಬಳ ಕೇಳುತ್ತೀರಿ, ಕೇಳಿ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಅಗೆಯುವ ಮೊದಲು ನೆಲದಡಿಯ ಮಾಹಿತಿ ಯಾರು ತರುತ್ತಾರೆ? ಅನುಮಾನ ಬಂದರೆ ಕೆಲಸ ನಿಲ್ಲಿಸುವ ಹಕ್ಕು ನನಗಿದೆಯೇ? ಉತ್ತರ ಕೊಡಲು ತಡವರಿಸಿದರೆ ಎಂಥ ಕೆಲಸಕ್ಕೆ ಸೇರುತ್ತಿದ್ದೀರೆಂದು ನಿಮಗೇ ತಿಳಿಯುತ್ತದೆ.

ಈಗ ನನ್ನ ಬ್ಯಾಗಿನಲ್ಲಿ ಅಂಥದ್ದೇ ಪಟ್ಟಿಯ ಒಂದು ತುಂಡು ಇದೆ. ಹೊಸ ಸೈಟಿಗೆ ಹೋದ ಮೊದಲ ದಿನ ಎಲ್ಲರಿಗೂ ತೋರಿಸುತ್ತೇನೆ. ಆ ಹುಡುಗ ಅಂದು ಬದುಕಿದ್ದು ನನ್ನ ಮೇಲ್ವಿಚಾರಣೆಯಿಂದಲ್ಲ, ಅವನಿಗೆ ಬಾಯಾರಿತ್ತು ಎಂಬ ಕಾರಣಕ್ಕೆ. ಅದನ್ನು ನೆನೆದರೆ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ.