ಕಡಲೀಜಿನಲ್ಲಿ ತೋಳಿಗಿಂತ ತಾಳ್ಮೆ ದೊಡ್ಡದು

ಬಾಲ್ಯದಲ್ಲಿ ಊರ ಕೆರೆಯಲ್ಲಿಯೋ ಹೊಳೆಯಲ್ಲಿಯೋ ಈಜು ಕಲಿತ ನಮ್ಮವರು ಮುಂಬಯಿಯಲ್ಲಿ ಅನೇಕರಿದ್ದಾರೆ. ಹೋಟೆಲಿನ ದುಡಿಮೆ, ಕಚೇರಿಯ ಗುಮಾಸ್ತಗಿರಿಗಳ ನಡುವೆಯೂ ಅಂಥ ತರುಣನೊಬ್ಬನು ಟ್ರಯಥ್ಲಾನ್ ಸ್ಪರ್ಧೆಗೆ ಹೆಸರು ಕೊಡಬಯಸಿದರೆ ಅದು ಸಂತೋಷದ ಸಂಗತಿಯೇ. 2019ರಲ್ಲಿ ಗೋವೆಯ ಮಿರಾಮಾರ್ ತೀರದಲ್ಲಿ ಐರನ್‌ಮ್ಯಾನ್ 70.3 ನಡೆದಂದಿನಿಂದ ಈ ಸಾಹಸವು ನಮ್ಮ ನೆರೆಗೇ ಬಂದಿದೆ. 1.9 ಕಿ.ಮೀ. ಕಡಲೀಜು, 90 ಕಿ.ಮೀ. ಸೈಕಲ್ ಸವಾರಿ, 21.1 ಕಿ.ಮೀ. ಓಟ ಅದರ ಕ್ರಮ.

ಈಜು ಎಲ್ಲಕ್ಕಿಂತ ಚಿಕ್ಕ ಭಾಗವೆಂದು ಉದಾಸೀನ ಮಾಡುವುದು ಮಾತ್ರ ಸಲ್ಲದು. 1985ರಿಂದ 2016ರವರೆಗೆ ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ ಮರಣಕ್ಕೋ ಹೃದಯಸ್ತಂಭನಕ್ಕೋ ಗುರಿಯಾದವರೆಂದು ಲೆಕ್ಕಕ್ಕೆ ಸಿಕ್ಕಿದ 135 ಮಂದಿಯಲ್ಲಿ 90 ಮಂದಿಗೆ ಆಪತ್ತು ಒದಗಿದ್ದು ನೀರಿನಲ್ಲಿಯೇ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ, ಮೊದಲ ನೂರಿನ್ನೂರು ಮೀಟರುಗಳ ಮುನ್ನುಗ್ಗುವಿಕೆಯನ್ನು ಬಿಟ್ಟುಕೊಡಬಲ್ಲವನೇ ಜಾಣ. ಲೋಕಲ್ ಗಾಡಿ ಹತ್ತುವಾಗಿನ ನೂಕುನುಗ್ಗಲೇ ಅಲ್ಲಿಯೂ ಇರುತ್ತದೆ. ಒಬ್ಬನ ಕಾಲು ಇನ್ನೊಬ್ಬನ ಮುಖಕ್ಕೆ ತಗಲುತ್ತದೆ, ಉಸಿರು ಕಟ್ಟುತ್ತದೆ, ಎದೆ ನಡುಗುತ್ತದೆ. ಹೊಸಬನು ಗುಂಪಿನ ಅಂಚಿನಲ್ಲಿಯೋ ಹಿಂದೆಯೋ ನಿಂತು, ನೀರಿನೊಳಗೆ ಉಸಿರನ್ನು ಪೂರ್ತಿಯಾಗಿ ಬಿಡುತ್ತ, ನಿಧಾನವಾಗಿ ಆರಂಭಿಸುವುದು ಲೇಸು. ಹೊತ್ತು ಕಳೆದುಹೋಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಕಳೆದ ನಿಮಿಷವನ್ನು ಸೈಕಲ್ಲಿನ ಮೇಲೆ ಮರಳಿ ಗಳಿಸಬಹುದು. ಕೆಟ್ಟ ಉಸಿರನ್ನು ನಡುನೀರಿನಲ್ಲಿ ಗಳಿಸುವುದು ಕಷ್ಟ.

ತನಗಿಂತ ತುಸು ಚುರುಕಾದವನ ಪಾದಗಳ ಹಿಂದೆ, ಮುಟ್ಟದೆ, ಈಜಿದರೆ ಶ್ರಮ ಕಡಮೆಯಾಗುತ್ತದೆ. ಇದಕ್ಕೆ ನಿಯಮದ ಅಡ್ಡಿಯಿಲ್ಲ. ಆದರೆ ಮುಂದಿನವನೇ ದಾರಿ ತಪ್ಪಬಹುದು. ಆರೆಂಟು ಸಲ ಕೈ ಬೀಸಿದ ಮೇಲೊಮ್ಮೆ ಕಣ್ಣನ್ನಷ್ಟೇ ನೀರಿನ ಮೇಲೆತ್ತಿ ತೇಲುಗುರುತನ್ನು ನೋಡಬೇಕು. ತಲೆಯನ್ನೇ ಎತ್ತಿದರೆ ಕಾಲು ಮುಳುಗುತ್ತದೆ. ಗುರುತು ಅಲೆಗಳಿಗೆ ಮರೆಯಾಗುವುದುಂಟು; ದಡದತ್ತ ಮರಳುವ ದಾರಿಗಾದರೂ ಒಂದು ಎತ್ತರದ ಕಟ್ಟಡವನ್ನೋ ಮರವನ್ನೋ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಸೆಳವಿನೊಡನೆ ಹಟ ಸಾಧಿಸುವುದೂ ವಿವೇಕವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸೇನ್ ನದಿಯ ಪ್ರವಾಹಕ್ಕೆ ಎದುರಾಗಿ ಈಜುವಾಗ ಜಗತ್ತಿನ ಶ್ರೇಷ್ಠ ಸ್ಪರ್ಧಿಗಳೇ ನಡುನೀರನ್ನು ಬಿಟ್ಟು ದಡದ ಗೋಡೆಯ ಬಳಿಗೆ ಸರಿದರು. ಅವರಿಗಿಲ್ಲದ ಬಿಂಕ ನಮಗೇಕೆ?

ಕೊನೆಯದಾಗಿ ಒಂದು ಮಾತು. ದಣಿವಾದರೆ ಅಂಗಾತ ತೇಲಿ ಕೈ ಎತ್ತಬೇಕು. ಕಾವಲು ದೋಣಿಯನ್ನು ಹಿಡಿದು ಸುಧಾರಿಸಿಕೊಂಡು, ಅದರ ನೆರವಿನಿಂದ ಮುಂದೆ ಸಾಗದಿದ್ದರೆ, ಸಾಮಾನ್ಯವಾಗಿ ಸ್ಪರ್ಧೆಯಿಂದ ಹೊರಗಾಗುವುದಿಲ್ಲ. ಹೊರಗಾದರೂ ಅದು ಅವಮಾನವಲ್ಲ. ಎದೆ ಹಿಡಿದಂತಾದರೆ ಅಲ್ಲಿಗೇ ಮುಗಿಸಿ ದಡ ಸೇರಬೇಕು. ಊರಿನಲ್ಲಿ ಮಗನ ದಾರಿ ಕಾಯುವ ತಾಯಿಗೆ ಪದಕ ಬೇಕಿಲ್ಲ, ಮಗ ಬೇಕು.