ಜವಾಬ್ದಾರಿ ಸರ್ಕಾರಕ್ಕೆ ಸಾಂಕ್ರಾಮಿಕದ ಪರೀಕ್ಷೆ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗತಕ್ಕವರು ಲಿಂಗದಹಳ್ಳಿಯನ್ನು ಹಾದು ಹೋಗುತ್ತಾರೆ. ಬೆಟ್ಟದ ಗಾಳಿ ಸೇವಿಸಲು ಬರುವ ಪಟ್ಟಣಿಗರಿಗೆ ಅದು ದಾರಿಯ ಮೇಲಣ ಒಂದು ಊರು. ಸುತ್ತಲಿನ ಹಳ್ಳಿಗಳವರಿಗೆ ಅದೇ ಹೋಬಳಿಯ ಕೇಂದ್ರ. ಅಲ್ಲಿಯ ರೈತನೊಬ್ಬನಿಗೆ ಉಸಿರು ಕಟ್ಟುವ ರೋಗ ಬಂದರೆ ಅವನನ್ನು ತರೀಕೆರೆಗೆ ತರಬೇಕು. ಅಲ್ಲಿ ಸಾಗದಿದ್ದರೆ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಒಯ್ಯಬೇಕು. ಸಾಮಾನ್ಯ ಕಾಲದಲ್ಲಿಯೇ ಪ್ರಯಾಸವಾದ ಈ ದಾರಿಯು, ಊರೂರಿಗೆ ಒಂದೇ ರೋಗ ಹರಡಿ ಆಸ್ಪತ್ರೆಗಳೆಲ್ಲ ತುಂಬಿದಾಗ ಹೇಗಾಗುವುದೆಂಬುದನ್ನು ನಾಡಿನ ಜನರು 2020 ಮತ್ತು 2021ನೆಯ ಇಸವಿಗಳಲ್ಲಿ ಕಣ್ಣಾರೆ ಕಂಡರು. ಅಂತಹ ಪಿಡುಗು ಮತ್ತೆ ಯಾವಾಗ ಬಂದೀತೆಂಬುದು ವೈದ್ಯಶಾಸ್ತ್ರಜ್ಞರು ವಿಚಾರಿಸತಕ್ಕ ಪ್ರಶ್ನೆ. ಬಂದಾಗ ಲಿಂಗದಹಳ್ಳಿಯ ರೋಗಿಯ ವಿಷಯದಲ್ಲಿ ಉತ್ತರ ಹೇಳತಕ್ಕವರು ಯಾರೆಂಬುದು ರಾಜಕೀಯದ ಪ್ರಶ್ನೆ. ಇಂದು ನಾವು ಎತ್ತಿಕೊಂಡಿರುವುದು ಈ ಎರಡನೆಯ ಪ್ರಶ್ನೆಯನ್ನು.

ನಮ್ಮ ನಾಡಿಗೆ ಮಹಾಮಾರಿಯು ಹೊಸದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. 1918ರ ಇನ್‌ಫ್ಲುಯೆಂಜಾ ಜ್ವರವು ಭರತಖಂಡದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಕೊಂಡೊಯ್ದಿತು. 1911ರಿಂದ 1921ರ ವರೆಗಿನ ಒಂದು ದಶಕದಲ್ಲಿ ಮಾತ್ರ ದೇಶದ ಜನಸಂಖ್ಯೆಯು ಬೆಳೆಯುವುದಕ್ಕೆ ಬದಲು ಇಳಿಯಿತೆಂದು ಖಾನೇಷುಮಾರಿ ಲೆಕ್ಕಗಳು ಹೇಳುತ್ತವೆ. ಪ್ಲೇಗಿನ ಕಾಲದಲ್ಲಿ ಬ್ರಿಟಿಷರು 1897ರ ಸಾಂಕ್ರಾಮಿಕ ರೋಗಗಳ ಕಾನೂನನ್ನು ಮಾಡಿದರು. ಅದರಲ್ಲಿದ್ದದ್ದು ನಾಲ್ಕೇ ವಿಧಿಗಳು. ಸರ್ಕಾರಕ್ಕೆ ತೋರಿದ ಕ್ರಮವನ್ನು ಕೈಗೊಳ್ಳುವ ಅಧಿಕಾರ ಅದರಲ್ಲಿತ್ತು. ಆಜ್ಞೆ ಮೀರಿದ ಪ್ರಜೆಗೆ ಶಿಕ್ಷೆಯಿತ್ತು. ಸದುದ್ದೇಶದಿಂದ ನಡೆದ ಅಧಿಕಾರಿಯ ಮೇಲೆ ದಾವೆ ಹೂಡಕೂಡದೆಂಬ ರಕ್ಷಣೆಯಿತ್ತು. ರೋಗ ಬರುವುದಕ್ಕೆ ಮೊದಲು ಸರ್ಕಾರವು ಮಾಡತಕ್ಕ ಕರ್ತವ್ಯವೇನೆಂಬುದಕ್ಕೆ ಒಂದಕ್ಷರವೂ ಇರಲಿಲ್ಲ. ಪ್ರಜೆಗಳಿಗೆ ಉತ್ತರ ಹೇಳಬೇಕಾಗಿಲ್ಲದ ಪರಕೀಯ ಪ್ರಭುತ್ವವು ಇಂತಹ ಕಾನೂನನ್ನು ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 2020ರ ಮಾರ್ಚಿಯಲ್ಲಿ ಕೋವಿಡ್ ಬಂದಾಗ, ಸ್ವತಂತ್ರರಾಗಿ 72 ವರ್ಷಗಳು ಕಳೆದಿದ್ದ ನಾವು ಮೊದಲು ಕೈಗೆತ್ತಿಕೊಂಡದ್ದೂ ಅದೇ ಕಾನೂನನ್ನೇ ಅಲ್ಲವೆ?

1947ರಲ್ಲಿ ಮೈಸೂರಿನ ಪ್ರಜೆಗಳು ಚಳವಳಿ ಹೂಡಿ ಕೇಳಿದ್ದು 'ಜವಾಬ್ದಾರಿ ಸರ್ಕಾರ'ವನ್ನು. ಆ ವರ್ಷದ ಅಕ್ಟೋಬರಿನಲ್ಲಿ ಶ್ರೀಮಾನ್ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲದೊಡನೆ ಅದು ಕೈಗೂಡಿತು. ಆ ಮಾತಿನ ಅರ್ಥವೇನು? ಖಜಾನೆಯ ಬೀಗದ ಕೈಯನ್ನು ಹಿಡಿದವರು, ಮಾಡಿದ್ದಕ್ಕೂ ಮಾಡದೆ ಬಿಟ್ಟಿದ್ದಕ್ಕೂ ಜನರ ಮುಂದೆ ನಿಂತು ಲೆಕ್ಕ ಒಪ್ಪಿಸತಕ್ಕದ್ದೆಂದು ಅರ್ಥ. ರೋಗ ಬಂದುದಕ್ಕೆ ಯಾವ ಮಂತ್ರಿಯನ್ನೂ ನಾವು ದೂರುವುದಿಲ್ಲ. ಬಂದ ರೋಗವನ್ನು ಎದುರಿಸಲು ಹಾಸಿಗೆ, ಔಷಧ, ದಾದಿ, ಪ್ರಾಣವಾಯು ಇವು ಸಿದ್ಧವಾಗಿದ್ದವೆ ಇಲ್ಲವೆ ಎಂಬುದನ್ನು ಮಾತ್ರ ದೈವದ ಮೇಲೆ ಹೊರಿಸಲಾಗದು. ಅದು ಹಿಂದಿನ ವರ್ಷಗಳ ಆಯವ್ಯಯ ಪತ್ರದಲ್ಲಿಯೇ ನಿರ್ಣಯವಾಗಿರುತ್ತದೆ.

ಕೋವಿಡ್ ಕಾಲದ ಸಂಗತಿಗಳನ್ನೇ ನೋಡೋಣ. ದೇಶದಲ್ಲಿ ಆ ರೋಗದಿಂದ ಸಂಭವಿಸಿದ ಮೊದಲ ಮರಣವು 2020ರ ಮಾರ್ಚಿಯಲ್ಲಿ ನಮ್ಮ ಕಲಬುರಗಿಯಲ್ಲಿ ಆಯಿತು. ಆ ತಿಂಗಳು ರಾಜ್ಯದಲ್ಲಿ ರೋಗಪರೀಕ್ಷೆ ಮಾಡಬಲ್ಲ ಪ್ರಯೋಗಶಾಲೆಗಳು ಬೆರಳೆಣಿಕೆಯಷ್ಟಿದ್ದವು. ಅವುಗಳಲ್ಲಿ ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿನದೂ ಒಂದು. ನೆಮ್ಮದಿಯ ಕಾಲದಲ್ಲಿ ಯಾರೋ ಹಣ ಮಂಜೂರು ಮಾಡಿ, ಯಾರೋ ಯಂತ್ರ ಕೂರಿಸಿ, ಯಾರೋ ಕೆಲಸಗಾರರನ್ನು ತಯಾರು ಮಾಡಿದ್ದರಿಂದಲೇ ಅದು ಆಪತ್ತಿನ ಕಾಲಕ್ಕೆ ಒದಗಿತು. ಪೂರ್ವಸಿದ್ಧತೆ ಎಂದರೆ ಇದು. ಇದು ನಮ್ಮ ಕೈಯಲ್ಲಿ ಆಗದ ಕೆಲಸವೇನೂ ಅಲ್ಲ.

ಆದರೆ ಪ್ರಾಣವಾಯುವಿನ ವಿಷಯದಲ್ಲಿ ಆದದ್ದೇನು? ಮೊದಲ ಅಲೆ ಇಳಿದ ಮೇಲೆ, 2020ರ ನವಂಬರಿನಲ್ಲಿಯೇ ಪಾರ್ಲಿಮೆಂಟಿನ ಆರೋಗ್ಯ ಸ್ಥಾಯೀ ಸಮಿತಿಯು ಪ್ರಾಣವಾಯುವಿನ ಉತ್ಪತ್ತಿಯನ್ನು ಹೆಚ್ಚಿಸಬೇಕೆಂದು ಸಲಹೆ ಮಾಡಿತ್ತು. ಆಸ್ಪತ್ರೆಗಳ ಆವರಣದಲ್ಲಿಯೇ ಗಾಳಿಯಿಂದ ಪ್ರಾಣವಾಯುವನ್ನು ಬೇರ್ಪಡಿಸುವ 162 ಯಂತ್ರಸ್ಥಾವರಗಳಿಗೆ ಕೇಂದ್ರ ಸರ್ಕಾರದವರು ಮಂಜೂರಾತಿ ಕೊಟ್ಟಿದ್ದರು. 2021ರ ಏಪ್ರಿಲ್ ಮಧ್ಯದಲ್ಲಿ, ಎರಡನೆಯ ಅಲೆಯು ಮೇಲೇರಿ ಬಂದಾಗ, ಅವುಗಳಲ್ಲಿ ನೆಲೆಗೊಂಡಿದ್ದದ್ದು 33 ಎಂದು ಆರೋಗ್ಯ ಇಲಾಖೆಯೇ ಪ್ರಕಟಿಸಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಮ್ಮ ಹಿರಿಯರು ಇಂತಹ ಸಂದರ್ಭಕ್ಕಾಗಿಯೇ ಹೇಳಿಟ್ಟಂತಿದೆ. ಕರ್ನಾಟಕಕ್ಕೆ ದಿನವೊಂದಕ್ಕೆ ಗೊತ್ತುಮಾಡಿದ್ದ 965 ಟನ್ನುಗಳನ್ನು 1200ಕ್ಕೆ ಏರಿಸಬೇಕೆಂದು ನಮ್ಮ ಹೈಕೋರ್ಟು 2021ರ ಮೇ 5ರಂದು ಆಜ್ಞೆ ಮಾಡಬೇಕಾಯಿತು. ಕೇಂದ್ರವು ಸುಪ್ರೀಂ ಕೋರ್ಟಿಗೆ ಹೋದರೂ ಆ ಆಜ್ಞೆಯೇ ನಿಂತಿತು.

ಅದಕ್ಕೆ ಮೊದಲೇ ಚಾಮರಾಜನಗರದ ಆಸ್ಪತ್ರೆಯಲ್ಲಿ ಅನಾಹುತವು ನಡೆದುಹೋಗಿತ್ತು. ಮೈಸೂರಿನಿಂದ ತುಂಬಿಸಿ ತರಬೇಕಾದ ಸಿಲಿಂಡರುಗಳನ್ನು ನಂಬಿದ್ದ ಆ ಆಸ್ಪತ್ರೆಯಲ್ಲಿ, ಮೇ 2ರ ರಾತ್ರಿಯಿಂದ 3ರ ಬೆಳಗಿನ ಹೊತ್ತಿಗೆ ರೋಗಿಗಳು ಒಬ್ಬರ ಮೇಲೊಬ್ಬರು ಪ್ರಾಣಬಿಟ್ಟರು. ಪ್ರಾಣವಾಯು ಇಲ್ಲದೆ ಸತ್ತವರು ಮೂವರೇ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿದರು. ಮಡಿದವರು ಒಟ್ಟು 24 ಎಂಬ ಲೆಕ್ಕವೂ ಬಂದಿತು. ಹೈಕೋರ್ಟಿನ ಪರವಾಗಿ ವಿಚಾರಣೆ ನಡೆಸಿದ, ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲ ಗೌಡರ ಸಮಿತಿಯು ಪ್ರಾಣವಾಯುವಿನ ಕೊರತೆಯಿಂದ ಮಡಿದವರು 36 ಮಂದಿಯೆಂದು ತೀರ್ಮಾನಿಸಿತು. ಹೀಗಿರುವಲ್ಲಿ ಜುಲೈ 20ರಂದು ಕೇಂದ್ರ ಮಂತ್ರಿಗಳು ರಾಜ್ಯಸಭೆಯಲ್ಲಿ ನಿಂತು, ಪ್ರಾಣವಾಯುವಿಲ್ಲದೆ ಸತ್ತರೆಂದು ರಾಜ್ಯಗಳು ಪ್ರತ್ಯೇಕವಾಗಿ ವರದಿ ಮಾಡಿಲ್ಲವೆಂದರು! ಚಾಮರಾಜನಗರದ ಆ ರಾತ್ರಿಯ ಸಲುವಾಗಿ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಒಬ್ಬ ಮಂತ್ರಿಯೂ ಸ್ಥಾನವನ್ನು ಬಿಡಲಿಲ್ಲ. ಸತ್ತವರ ಲೆಕ್ಕವೇ ಮೂರು ಬಗೆಯಾದ ಮೇಲೆ ಹೊಣೆಯ ಲೆಕ್ಕ ಹೇಗೆ ಸರಿಹೋದೀತು?

ಹೊಣೆಯು ನಿಲ್ಲದೆ ಜಾರುವುದಕ್ಕೆ ರಾಜ್ಯಾಂಗದ ಏರ್ಪಾಡನ್ನೇ ಕೆಲವರು ನೆವ ಮಾಡುತ್ತಾರೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ಪಟ್ಟಿಯಲ್ಲಿವೆ. ಬಂದರುಗಳ ರೋಗತಡೆಯು ಕೇಂದ್ರದ್ದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹರಡದಂತೆ ತಡೆಯುವುದು ಇಬ್ಬರಿಗೂ ಸೇರಿದ್ದು. ಈ ಹಂಚಿಕೆಯಲ್ಲಿ ತಪ್ಪಿಲ್ಲ. ಗೆಲವು ಬಂದಾಗ ಇಬ್ಬರೂ ತಮ್ಮದೆನ್ನುವುದೂ ಸಾವು ಬಂದಾಗ ಇಬ್ಬರೂ ಮತ್ತೊಬ್ಬರದೆನ್ನುವುದೂ ತಪ್ಪು. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡು ತಾಯಿಯ ಅನ್ನವನ್ನು ಪಾಲಿನಿಂದ ಬಿಟ್ಟಂತೆ ಇದು.

ನಮ್ಮ ಈ ಮಾತು ಒಂದು ಪಕ್ಷದವರ ಮೇಲಣ ದೂರೆಂದು ಯಾರೂ ಭಾವಿಸಬಾರದು. 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚವು ರಾಷ್ಟ್ರೀಯ ಉತ್ಪನ್ನದಲ್ಲಿ ಶೇಕಡಾ 2.5ಕ್ಕೆ ಮುಟ್ಟಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸಾರಿತ್ತು. ರೋಗದ ಹಾವಳಿ ನಡೆದಿದ್ದ 2021-22ನೆಯ ಸಾಲಿನಲ್ಲಿಯೂ ಅದು ಮುಟ್ಟಿದ್ದು ಶೇಕಡಾ 1.84ನ್ನು ಮಾತ್ರ. ಇದರಲ್ಲಿ ಕೇಂದ್ರದ ಪಾಲೂ ಇದೆ, ಬೇರೆ ಬೇರೆ ಪಕ್ಷಗಳು ಆಳಿದ ರಾಜ್ಯಗಳ ಪಾಲೂ ಇದೆ. ಹೊಣೆ ಹಾರಿಸುವುದರಲ್ಲಿ ನಮ್ಮ ಪಕ್ಷಗಳೊಳಗೆ ಭೇದವಿಲ್ಲ. ಹಗಲಿರುಳು ದುಡಿದ ವೈದ್ಯರನ್ನೂ ದಾದಿಯರನ್ನೂ, ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರನ್ನೂ ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಅವರ ಸಾಹಸದ ಮರೆಯಲ್ಲಿ ಮೇಲಿನವರ ಉದಾಸೀನವು ಅಡಗಿಕೊಳ್ಳಬಾರದೆಂಬುದಷ್ಟೇ ನಮ್ಮ ಹೇಳಿಕೆ.

ದೊಡ್ಡ ಪಿಡುಗು ಯಾವಾಗ ಬಂದೀತೋ ತಿಳಿಯದೆಂಬ ಸಮಾಧಾನವನ್ನು ಕೆಲವರು ಹೇಳಬಹುದು. ವರ್ಷವರ್ಷವೂ ಬರುವ ರೋಗದ ವಿಷಯದಲ್ಲಿ ಏನು ಹೇಳುತ್ತಾರೆ? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು ನಮ್ಮ ಮಲೆನಾಡಿನ ನೆಂಟನಂತೆ ಬೇಸಗೆಯ ಮುಂಚೆ ಬಂದೇ ಬರುತ್ತದೆ. ಅದಕ್ಕಿದ್ದ ಹಳೆಯ ಲಸಿಕೆಯು ಪ್ರಯೋಜನಕಾರಿಯಲ್ಲವೆಂದು ತೋರಿ 2022ರಲ್ಲಿ ನಿಂತುಹೋಯಿತು. ಬದಲಿ ಲಸಿಕೆ ಸಿದ್ಧವಾಗಿರಲಿಲ್ಲ. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಆ ರೋಗದಿಂದ ಪ್ರಾಣಹಾನಿಯಾಯಿತು. 60 ವರ್ಷಗಳಿಗೂ ಹಿಂದಿನಿಂದ ಹೆಸರು, ಊರು, ಕಾಲ ಎಲ್ಲ ಗೊತ್ತಿರುವ ಶತ್ರುವಿನ ಮುಂದೆಯೇ ಬರಿಗೈಯಲ್ಲಿ ನಿಂತವರು, ಅರಿಯದ ಶತ್ರುವಿಗೆ ಸಿದ್ಧರಾಗಿದ್ದೇವೆಂದರೆ ನಂಬತಕ್ಕವರಾರು?

2025ರ ಮೇ 20ರಂದು ಜಿನೀವಾದಲ್ಲಿ ಸೇರಿದ್ದ ವಿಶ್ವ ಆರೋಗ್ಯ ಸಭೆಯು ಮಹಾಸಾಂಕ್ರಾಮಿಕಗಳ ಪೂರ್ವಸಿದ್ಧತೆಗಾಗಿ ಒಂದು ಒಪ್ಪಂದವನ್ನು ಅಂಗೀಕರಿಸಿತು. ಜಿನೀವಾದ ಕಾಗದವು ಲಿಂಗದಹಳ್ಳಿಗೆ ತಲುಪುವುದು ವಿಧಾನಸೌಧದ ಮೂಲಕ. ಆದುದರಿಂದ ಸರ್ಕಾರದವರ ಮುಂದೆ ನಾವು ಮೂರು ಕೋರಿಕೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಪ್ರತಿವರ್ಷ ಆಯವ್ಯಯದೊಡನೆ ಆರೋಗ್ಯಮಂತ್ರಿಗಳು ತಮ್ಮ ಸಹಿಯುಳ್ಳ ಪೂರ್ವಸಿದ್ಧತೆಯ ವರದಿಯೊಂದನ್ನು ಶಾಸನಸಭೆಯಲ್ಲಿ ಮಂಡಿಸತಕ್ಕದ್ದು. ತಾಲ್ಲೂಕುವಾರು ಹಾಸಿಗೆಗಳೆಷ್ಟು, ಖಾಲಿ ಬಿದ್ದ ಹುದ್ದೆಗಳೆಷ್ಟು, ಪ್ರಾಣವಾಯುವಿನ ಯಂತ್ರಗಳಲ್ಲಿ ನಡೆಯುತ್ತಿರುವುದೆಷ್ಟು ಕೆಟ್ಟಿರುವುದೆಷ್ಟು ಎಂಬ ಅಂಕಿಗಳು ಅದರಲ್ಲಿರಬೇಕು. ಎರಡನೆಯದಾಗಿ, ಆ ತಾಲ್ಲೂಕಿನ ಅಂಕಿಗಳನ್ನು ಗ್ರಾಮಸಭೆಗಳಲ್ಲಿ ಗಟ್ಟಿಯಾಗಿ ಓದಿಸಬೇಕು. ಬರೆದದ್ದು ನಿಜವೋ ಸುಳ್ಳೋ ಊರಿನವರೇ ಹೇಳುತ್ತಾರೆ. ಮೂರನೆಯದಾಗಿ, ಪ್ರಜೆಗೆ ಶಿಕ್ಷೆಯನ್ನು ವಿಧಿಸುವ ಸಾಂಕ್ರಾಮಿಕ ಕಾನೂನುಗಳು ಸರ್ಕಾರದ ಕರ್ತವ್ಯವನ್ನೂ ವಿಧಿಸುವಂತೆ ತಿದ್ದುಪಡಿಯಾಗಬೇಕು. ಇವಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಲೆಕ್ಕ ತೋರಿಸುವ ಧೈರ್ಯ ಬೇಕು.

ನಮ್ಮ ಓದುಗರಲ್ಲಿ ಅಧಿಕಾರಸ್ಥರೂ ಪೌರಪ್ರಮುಖರೂ ಹಲವರಿದ್ದಾರೆ. ರೋಗವಿಲ್ಲದ ಈ ದಿನಗಳಲ್ಲಿಯೇ ಅವರು ತಮ್ಮ ತಾಲ್ಲೂಕಿನ ಆಸ್ಪತ್ರೆಗೆ ಒಮ್ಮೆ ಹೋಗಿ, ಅಲ್ಲಿಯ ಯಂತ್ರವನ್ನು ನಡೆಸಿ ತೋರಿಸಿರೆಂದು ಕೇಳಲಿ. ಅದು ನಡೆಯದಿದ್ದರೆ ಶಾಸಕರಿಗೆ ಒಂದು ಕಾಗದ ಬರೆಯಲಿ. ಉತ್ತರ ಬಾರದಿದ್ದರೆ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಬಾಗಿಲಲ್ಲಿಯೇ ನಿಲ್ಲಿಸಿ ಅದನ್ನೇ ಕೇಳಲಿ. ಜವಾಬ್ದಾರಿ ಸರ್ಕಾರವನ್ನು ನಮ್ಮ ಹಿರಿಯರು ಸೆರೆಮನೆಗೆ ಹೋಗಿ ಸಂಪಾದಿಸಿದರು. ಅದನ್ನು ಉಳಿಸಿಕೊಳ್ಳಲು ನಾವು ಆಸ್ಪತ್ರೆಗೆ ಹೋಗಿ ಒಂದು ಪ್ರಶ್ನೆ ಕೇಳಿದರೆ ಸಾಕಾಗಿದೆ.